ರಾಣಿ ಕೊಟ್ಟ ಆಟ

ಅಣ್ಣನ ಚೆಸ್ ದಾಖಲೆಯಲ್ಲಿ ಒಂದು ವಿಚಿತ್ರ ಆಟವಿದೆ. ಇನ್ನೊಂದೇ ನಡೆ ನಡೆಸಿದ್ದರೆ ಎದುರಾಳಿಯ ರಾಜನ ಕಥೆ ಮುಗಿಯುತ್ತಿತ್ತು. ಗಡಿಯಾರದಲ್ಲಿ ಹದಿನಾಲ್ಕು ಸೆಕೆಂಡ್ ಬಾಕಿಯಿತ್ತು. ಆ ನಡೆಯನ್ನು ಅವನು ನಡೆಸಲೇ ಇಲ್ಲ. 'ಸಮಯ ಮುಗಿದು ಸೋಲು' ಎಂದು ಬರೆದಿದೆ. ಆನ್‌ಲೈನ್‌ನಲ್ಲಿ ಅವನ ಆಟ ನೋಡುವವರು ಕರೆಂಟ್ ಹೋಯಿತು, ಎದೆನೋವು ಬಂತು ಎಂದು ತಲೆಗೊಂದು ಮಾತಾಡುತ್ತಾರೆ. ಅದೇನೂ ಆಗಿರಲಿಲ್ಲ, ಕರೆಂಟೂ ಇತ್ತು. ನಾನು ಅಲ್ಲೇ ಇದ್ದೆ.

ನಮ್ಮದು ಮಾಂಸದ ಅಂಗಡಿ. ಅಪ್ಪ ಕಡಿಯುತ್ತಿದ್ದ ಕೊರಡಿನ ಮೇಲೆ ಈಗ ಮಗಳು ನಾನು ಕಡಿಯುತ್ತೇನೆ. ಮಚ್ಚೂ ಅದೇ, ಮೂಗಿನ ತುದಿಯ ಸಿಟ್ಟೂ ಅದೇ. ಮಗ ಮಾತ್ರ ಮಚ್ಚು ಹಿಡಿಯಬಾರದು, ಚೆಸ್ ಆಡಿ ದೊಡ್ಡ ಮನುಷ್ಯನಾಗಬೇಕು ಎಂದು ಅಪ್ಪನ ಹಟ. ವ್ಯಾಪಾರ ಮುಗಿದ ಮೇಲೆ ಕೊರಡನ್ನು ಉಪ್ಪು ಹಾಕಿ ತಿಕ್ಕಿ, ಅದರ ಮೇಲೆ ಚೆಸ್ ಮಣೆ ಇಟ್ಟು, ಒಂದು ಕಡೆ ನನ್ನನ್ನೂ ಇನ್ನೊಂದು ಕಡೆ ಅಣ್ಣನನ್ನೂ ಕೂರಿಸುತ್ತಿದ್ದ. ತಾನು ಕತ್ತಿ ಮಸೆಯುವ ಕಬ್ಬಿಣದ ಸರಳು ಹಿಡಿದು ಅಣ್ಣನ ಬೆನ್ನ ಹಿಂದೆ ನಿಲ್ಲುತ್ತಿದ್ದ. ಅಣ್ಣನ ಒಂದು ಪದಾತಿ ಹೋದರೆ ಒಂದು ಏಟು. ಕುದುರೆಗೆ ಮೂರು, ಆನೆಗೆ ಐದು, ರಾಣಿಗೆ ಒಂಬತ್ತು. ಆಟ ಡ್ರಾ ಆದರೂ ಏಟಿಗೆ ಲೆಕ್ಕವೇ ಇಲ್ಲ. ದಂಡಂ ದಶಗುಣಂ ಎನ್ನುತ್ತಾ ಬಾರಿಸುತ್ತಿದ್ದ.

ನಾನು ಕಾಯಿ ಹೊಡೆದರೆ ಅದು ಅಣ್ಣನ ಬೆನ್ನ ಮೇಲೆ ಬೀಳುತ್ತಿತ್ತು. ತಡೆಯಲಾರದೆ ಬೇಕೆಂದೇ ತಪ್ಪು ಆಡತೊಡಗಿದೆ. ಅಪ್ಪನಿಗೆ ಗೊತ್ತಾಯಿತು, ಇಬ್ಬರನ್ನೂ ಹಣ್ಣುಗಾಯಿ ನೀರುಗಾಯಿ ಮಾಡಿದ. ಆಮೇಲೆ ನೆಟ್ಟಗೆ ಆಡಿದೆ. ಅಣ್ಣನ ಬೆನ್ನ ಮೇಲಿನ ಬಾಸುಂಡೆಗಳಲ್ಲಿ ಅರ್ಧ ನಾನು ಮೂಡಿಸಿದವು.

ಹತ್ತು ವರ್ಷ ತುಂಬುವಷ್ಟರಲ್ಲಿ ಅಣ್ಣ ಒಂದು ವಿದ್ಯೆ ಕಲಿತ. ಸರಳು ಮೇಲೇಳುವ ಮೊದಲೇ ಅವನ ಮೊಣಕೈ ಹಿಂದಕ್ಕೆ ಹೋಗಿ ಏಟು ತಡೆಯುತ್ತಿತ್ತು. ಕಣ್ಣು ನೋಡುತ್ತಿರಲಿಲ್ಲ, ಕೈಗೆ ಗೊತ್ತಾಗುತ್ತಿತ್ತು.

ಅಣ್ಣ ಗ್ರ್ಯಾಂಡ್‌ಮಾಸ್ಟರ್ ಆದ. ಆದರೂ ಹಾಲ್‌ನಲ್ಲಿ ಕೂತು ಆಡುವ ಪಂದ್ಯಗಳಲ್ಲಿ ಅವನದು ಅಷ್ಟಕ್ಕಷ್ಟೇ, ಬೆನ್ನ ಹಿಂದೆ ಯಾರಾದರೂ ಓಡಾಡಿದರೆ ಬೆವರುತ್ತಾನೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆನ್‌ಲೈನ್‌ನಲ್ಲಿ ಆಡುವಾಗ ಅವನೇ ಬೇರೆ. ಒಂದು ನಿಮಿಷದ ಆಟಗಳು. ಮೂವತ್ತೆಂಟು ಸಾವಿರ ಆಟಗಳಲ್ಲಿ ಇಪ್ಪತ್ತೇಳು ಸಾವಿರ ಗೆಲುವು. ಅಲ್ಲಿ ಅವನು ಇಟ್ಟುಕೊಂಡ ಹೆಸರು 'ಕಟುಕ'. ಉಳಿದವರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಆಡಿದರೆ, ಇವನು ಕೋಲು ಮುರಿದು ಆ ಚೂರಿನಿಂದಲೇ ಚುಚ್ಚುತ್ತಾನೆ. ಕುದುರೆ ಕೊಡುತ್ತಾನೆ, ಆನೆ ಕೊಡುತ್ತಾನೆ, ಅಪ್ಪ ಒಂಬತ್ತು ಏಟು ಹಾಕುತ್ತಿದ್ದ ರಾಣಿಯನ್ನೇ ಬಿಟ್ಟಿ ಕೊಡುತ್ತಾನೆ. ಅದನ್ನು ನುಂಗಿದ ಎದುರಾಳಿಯ ರಾಜನನ್ನು ಬಯಲಿಗೆಳೆದು ಮಣೆಯ ತುಂಬ ಅಟ್ಟಾಡಿಸಿ ಕೊಲ್ಲುತ್ತಾನೆ. ಎದುರಾಳಿ ಕಾಯಿ ನಡೆಸುವ ಮೊದಲೇ ನಮ್ಮ ಮುಂದಿನ ನಡೆಯನ್ನು ಒತ್ತಿಡಬಹುದು, ಅದಕ್ಕೆ ಪ್ರೀಮೂವ್ ಎನ್ನುತ್ತಾರೆ. ಅದರಲ್ಲಿ ಅಣ್ಣನನ್ನು ಮೀರಿಸುವವರಿಲ್ಲ. ಇರುವುದಾದರೂ ಹೇಗೆ? ಅವನಿಗೆ ಅದನ್ನು ಕಲಿಸಿದ್ದು ಕಬ್ಬಿಣದ ಸರಳು.

ಆ ದಿನ ಮಧ್ಯಾಹ್ನ ದೊಡ್ಡ ಆನ್‌ಲೈನ್ ಪಂದ್ಯದ ಫೈನಲ್. ಕೊನೆಯ ಆಟ ಗೆದ್ದರೆ ಅಣ್ಣ ಚಾಂಪಿಯನ್. ಅಪ್ಪ ತಾನೂ ನೋಡುತ್ತೇನೆ ಎಂದ. ಅಣ್ಣ ಯಾರನ್ನೂ ಬಿಡದವನು, ಅವತ್ತು ಬಿಟ್ಟ. ರಾಣಿ ಕೊಟ್ಟೂ ಗೆಲ್ಲಬಹುದು ಎಂದು ಆ ಮನುಷ್ಯ ಕಣ್ಣಾರೆ ನೋಡಲಿ, ಒಂದು ಸಲ ಭೇಷ್ ಎನ್ನಲಿ ಎಂಬ ಆಸೆ. ಅಪ್ಪ ಅವನ ಹಿಂದೆ ಮಂಚದ ಮೇಲೆ ಕೂತ, ನಾನು ಕಿಟಕಿಯ ಬಳಿ ನಿಂತೆ. ಸದ್ದಾಗುತ್ತದೆಂದು ಅಣ್ಣ ಫ್ಯಾನ್ ಆರಿಸಿದ್ದ. ಅಣ್ಣನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು.

ಅಣ್ಣ ರಾಣಿ ಕೊಟ್ಟ. ಎದುರಾಳಿ ಹೊಡೆದ. ಇನ್ನು ಒಂದೇ ನಡೆ.

ಅಷ್ಟರಲ್ಲಿ ಅಪ್ಪ ಎದ್ದು ಬಂದು ಕೈ ಎತ್ತಿದ. ಕೈಯಲ್ಲಿ ಬೆವರೊರೆಸುವ ಟವೆಲ್ ಇತ್ತು. ಕಂಪ್ಯೂಟರಿನ ಗಾಜಿನಲ್ಲಿ ಅಣ್ಣನಿಗೆ ಕಂಡದ್ದು ಎತ್ತಿದ ಕೈ ಮಾತ್ರ. ಮೊಣಕೈ ಹಿಂದಕ್ಕೆ ಚಿಮ್ಮಿತು, ಅಪ್ಪನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ನನಗೂ ಕೇಳಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. ಕುರ್ಚಿ ಉರುಳಿಸಿ ಎದ್ದು, ಬಿದ್ದ ಅಪ್ಪನ ಎದೆಯ ಮೇಲೆ ಕೂತು ಮುಷ್ಟಿ ಕಟ್ಟಿ ಗುದ್ದಿದ. ಎಣಿಸುತ್ತಾ ಗುದ್ದಿದ. ಮೂಗು ಒಡೆಯಿತು, ಹುಬ್ಬು ಸೀಳಿತು, ರಕ್ತ ನೆಲಕ್ಕೆ ಹರಿಯಿತು. ನಾನು ಬಿಡಿಸಬೇಕಿತ್ತು. ಬಿಡಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನಾನೂ ಎಣಿಸುತ್ತಿದ್ದೆ. ಒಂಬತ್ತಕ್ಕೆ ಅವನ ಕೈ ತಾನಾಗಿಯೇ ನಿಂತಿತು. ಹಿಂದೆ ಗಡಿಯಾರ ಸೊನ್ನೆಗೆ ಬಂದಿತ್ತು.

ಅಣ್ಣ ತನ್ನ ಕೈ ನೋಡಿಕೊಂಡ. "ಹೊಡೆಯೋಕೆ ತಾನೇ ಕೈ ಎತ್ತಿದ್ದು? ಹೇಳಪ್ಪ, ಹೊಡೆಯೋಕೆ ತಾನೇ?"

ಅಪ್ಪ ಬಾಯಲ್ಲಿದ್ದ ಹಲ್ಲು ಉಗುಳಿದ. ನನ್ನ ಕಡೆ ಒಮ್ಮೆ ನೋಡಿ, ಟವೆಲನ್ನು ಮೆಲ್ಲಗೆ ಬೆನ್ನಡಿಗೆ ಸರಿಸಿಕೊಂಡ.

"ಹೂಂ," ಎಂದ. "ರಾಣಿ ಕೊಟ್ಟೆಯಲ್ಲ, ಅದಕ್ಕೇ ಎತ್ತಿದ್ದು."

ಅಣ್ಣನ ಉಸಿರು ಹಗುರಾಯಿತು. ಎದ್ದು ಹೋಗಿ ನೀರು ತಂದ.

ಟವೆಲನ್ನು ನಾನು ಕೆಳಗೆ ಒಯ್ದು, ಕೊರಡು ತಿಕ್ಕುವ ಉಪ್ಪಿನಿಂದಲೇ ತಿಕ್ಕಿ ಒಗೆದೆ. ಅಪ್ಪನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಒಂದು ಪದಾತಿ ಹೋದರೂ ಸಹಿಸದಿದ್ದ ಮನುಷ್ಯ ಅವತ್ತು ಏನು ಬಿಟ್ಟುಕೊಟ್ಟ ಎಂಬುದು ನನಗೊಬ್ಬಳಿಗೇ ಗೊತ್ತು. ಅಣ್ಣ ಈಗಲೂ ಆಗಾಗ ಕೇಳುತ್ತಾನೆ, ನೀನು ನೋಡಿದೆಯಲ್ಲ, ಹೊಡೆಯೋಕೇ ತಾನೇ ಎಂದು. ಹೌದು ಎನ್ನುತ್ತೇನೆ.