ಗೋಮಾಳದ ಮೇಲಿನ ಲೈನ್ ಮನೆಗಳು

ನಾವು ಆ ಲೈನ್ ಮನೆಗೆ ಬಂದಿಳಿದ ದಿನ ಊರಿನವರ್ಯಾರೂ ನಮ್ಮ ಮುಖ ನೋಡಿ ನಗಲಿಲ್ಲ. ಎತ್ತಿನ ಗಾಡಿಯಿಂದ ಟ್ರಂಕು, ಒರಳುಕಲ್ಲು, ಹಾಸಿಗೆ ಸುರುಳಿ ಇಳಿಸುತ್ತಿದ್ದೆವು. ದಾರಿಯಲ್ಲಿ ನಿಂತಿದ್ದ ಗಂಡಸೊಬ್ಬ ಕ್ಯಾಕರಿಸಿ ಉಗುಳಿ, ತನ್ನ ಎಮ್ಮೆಗಳನ್ನು ಬೇಕೆಂದೇ ನಮ್ಮ ಸಾಮಾನಿನ ನಡುವೆ ಹೊಡೆದುಕೊಂಡು ಹೋದ. ನನ್ನ ಮದುವೆಯ ಹಿತ್ತಾಳೆ ಕೊಡ ಅಲ್ಲೇ ಸೊಟ್ಟಗಾಯಿತು. ನನ್ನ ಗಂಡ ಏನೋ ಹೇಳಲು ಹೋದರು. ನನ್ನ ಅತ್ತೆ ಅವರ ತೋಳು ಹಿಡಿದು ನಿಲ್ಲಿಸಿದರು. "ಇವತ್ತು ಬೇಡ ಕಣೋ. ಇಲ್ಲೇ ಇರ್ಬೇಕಲ್ಲ, ದಿನಾ ಸಿಗ್ತಾರೆ," ಎಂದರು.

ನನ್ನ ಗಂಡ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮದುವೆಯಾದ ಮೇಲೆ ಅಲ್ಲಿನ ವಠಾರದ ಒಂದೇ ಕೋಣೆಯಲ್ಲಿ ಅತ್ತೆ, ಅವರು, ನಾನು ಮೂವರೂ ಇದ್ದೆವು. ರಾತ್ರಿ ಮಲಗುವಾಗ ನಡುವೆ ಒಂದು ಸೀರೆ ಕಟ್ಟುತ್ತಿದ್ದೆವು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವಲ್ಲಿ ಎರಡು ಊರಿನ ಪಂಚಾಯ್ತಿಗಳು ಕೂಡಿ ಕೆಲಸಗಾರರಿಗೆಂದು ಕಡಿಮೆ ಬಾಡಿಗೆಯ ಮನೆ ಕಟ್ಟಿಸಿವೆ ಎಂಬ ಸುದ್ದಿ ಬಂತು. ಹೆಂಚಿನ ಮಾಡು, ಎರಡು ಕೋಣೆ, ಹಿಂದೆ ಬಚ್ಚಲು. ನಮಗೆ ಅದು ಅರಮನೆ.

ಕೆಳಗಿನ ಊರಿನ ಪಂಚಾಯ್ತಿ ಜಾಗ ಕೊಡುವುದು, ಮೇಲಿನ ಊರಿನ ಪಂಚಾಯ್ತಿ ತನ್ನ ಪಂಪಿನಿಂದ ಕೊಳಾಯಿ ಎಳೆಸುವುದು ಎಂದು ಮಾತಾಗಿತ್ತಂತೆ. ಎರಡೂ ಊರಿಗೂ ನಮಗೂ ಸೇರಿ ಒಂದು ಶಾಲೆ, ಒಂದು ಹೆರಿಗೆ ಕೋಣೆ. ಕೊಳಾಯಿ ಬರುವ ತನಕ ಲೈನಿನವರು ಕೆಳಗಿನ ಊರಿನ ಬಾವಿಯಲ್ಲಿ ಸೇದಿಕೊಳ್ಳಬಹುದು. ಇಬ್ಬರು ಛೇರ್ಮನ್ನರೂ ಹಾರ ಹಾಕಿಸಿಕೊಂಡು, ಕೈ ಕುಲುಕಿ, ಮನೆಗಳ ಉದ್ಘಾಟನೆ ಮಾಡಿ ಹೋದರು. ಆದರೆ ಆ ಜಾಗ ಊರಿನ ದನ ಮೇಯುತ್ತಿದ್ದ ಗೋಮಾಳ. ಅದನ್ನು ಕೊಡುವಾಗ ಊರಿನವರನ್ನು ಯಾರೂ ಕೇಳಿರಲಿಲ್ಲ. ಅಲ್ಲಿಗೆ ಬರುವಾಗ ನಮಗೂ ಯಾರೂ ಇದನ್ನು ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯೂ ನಾನೂ ಬಾವಿಗೆ ಹೋದೆವು. ಎಮ್ಮೆ ಹೊಡೆದುಕೊಂಡು ಹೋದವನ ಹೆಂಡತಿ ಹಗ್ಗ ಹಿಡಿದು ನಿಂತಿದ್ದಳು. ಎತ್ತರದ ಆಳು, ದೊಡ್ಡ ಗಂಟಲು. ಲೈನಿನಲ್ಲಿ ನಾವೆಲ್ಲ ಅವಳನ್ನು ಗೌಡ್ತಿ ಎಂದೇ ಕರೆಯುತ್ತಿದ್ದೆವು.

"ನಮ್ ದನ ಮೇಯೋ ಜಾಗ್ದಾಗೆ ಮನೆ ಕಟ್ಕೊಂಡ್ರಿ. ಈಗ ನೀರ್ಗೂ ಬಂದ್ರಾ? ಓಗ್ರಿ, ಆ ಛೇರ್ಮನ್ನನ ಮನೆ ಬಾವಿಗೆ ಓಗ್ರಿ!"

"ಈ ಬಾವಿ ಏನು ನಿಮ್ಮಪ್ಪ ತೋಡ್ಸಿದ್ದಾ?" ಎಂದರು ಅತ್ತೆ.

"ನಮ್ ಮಾವ ತೋಡಿದ್ದು ಕಣೇ! ಕಲ್ಲು ಒತ್ತು ಸೊಂಟ ಮುರ್ಕೊಂಡ. ಯಾರನ್ನ ಬೇಕಾರೂ ಕೇಳು!"

ಅದು ನಿಜವಾಗಿತ್ತು. ನಿಜವೆಂದು ಗೊತ್ತಾದ ಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಅವಳ ಮಾವ ಕಲ್ಲು ಹೊತ್ತರೆ ನಾವು ಬಾಯಾರಿ ಸಾಯಬೇಕೆ? ಕೊಡ ಕಟ್ಟೆಯ ಮೇಲಿಟ್ಟೆ. ಗೌಡ್ತಿ ಕಾಲಿನಿಂದ ಒದ್ದಳು. ಸುತ್ತ ನಿಂತ ಹೆಂಗಸರು ನಕ್ಕರು. ಆ ನಗು ಬಹಳ ವರ್ಷ ನನ್ನ ಕಿವಿಯಲ್ಲಿತ್ತು.

ಅಲ್ಲಿಂದ ಮುಂದೆ ಅದೇ ಬದುಕಾಯಿತು. ಬಾವಿಯ ದಾರಿಗೆ ಅವರು ಜಾಲಿಮುಳ್ಳು ಎಳೆದರೆ ನಮ್ಮ ಗಂಡಸರು ಅದಕ್ಕೆ ಬೆಂಕಿ ಹಚ್ಚಿದರು. ಲೈನಿನೊಳಗೆ ನುಗ್ಗಿದ ದನಕ್ಕೆ ದೊಣ್ಣೆಯ ಏಟು ಬಿತ್ತು. ಕಾರ್ಖಾನೆಯಿಂದ ಬರುವಾಗ ನನ್ನ ಗಂಡನ ಸೈಕಲ್ಲಿಗೆ ಕಲ್ಲು ಬಿತ್ತು. ದೂರು ಹೇಳಲು ಹೋದರೆ ಕೆಳಗಿನ ಊರಿನ ಛೇರ್ಮನ್ನರು, "ನೀರು ಅವ್ರು ಕೊಡ್ಬೇಕು, ಅವ್ರನ್ನ ಕೇಳಿ," ಎಂದರು. ಮೇಲಿನ ಊರಿನವರು, "ಪೈಪ್ ಹಾಯ್ಸೋಕೆ ಅವ್ರು ದಾರಿ ಬಿಡ್ಬೇಕಲ್ಲ," ಎಂದು ಬಾಗಿಲು ಹಾಕಿಕೊಂಡರು.

ಬೇಸಿಗೆಯಲ್ಲಿ ಬಾವಿಯ ನೀರು ತಳ ಸೇರಿತು. ಊರಿನವರು ಲೈನಿನವರಿಗೆ ಹಗ್ಗವನ್ನೇ ಮುಟ್ಟಗೊಡಲಿಲ್ಲ. ನಾವು ಕೆರೆಯ ನೀರು ತಂದು ಬಟ್ಟೆಯಲ್ಲಿ ಸೋಸಿ ಕುಡಿದೆವು. ಪಕ್ಕದ ಮನೆಯಲ್ಲಿ ಒಬ್ಬ ವೆಲ್ಡರನ ಸಂಸಾರವಿತ್ತು, ಮನೆಮಾತು ದಖನಿ ಉರ್ದು. ಅವನ ಹೆಂಡತಿ ನನ್ನ ವಾರಿಗೆಯವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಅವಳ ಅತ್ತೆಗೆ ವಾಂತಿಭೇದಿ ಶುರುವಾಯಿತು. ನಾವು ಕಾಯಿಸಿದ ಗಂಜಿ ಅವರ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಗೆ ಸಾಗಿಸಲು ಜಟಕಾ ಹುಡುಕಿ ತರುವಷ್ಟರಲ್ಲಿ ಮುದುಕಿ ಹೋಗಿಬಿಟ್ಟರು. ಹೆಣ ತೊಳೆಯಲೂ ನೀರಿರಲಿಲ್ಲ. ನಾನೇ ಖಾಲಿ ಕೊಡ ಹಿಡಿದು ಬಾವಿಗೆ ಹೋದೆ.

"ಸತ್ತವರ ಮನೆಗೆ," ಎಂದೆ.

ಗೌಡ್ತಿ ಕೊಡ ತುಂಬಿಸಿಕೊಟ್ಟು ಮುಖ ತಿರುಗಿಸಿಕೊಂಡಳು. ಆ ಒಂದು ಕೊಡ ನೀರಿಗಾಗಿ ಅವಳ ಮೇಲೆ ಬಂದಷ್ಟು ದ್ವೇಷ ಒದ್ದ ದಿನವೂ ಬಂದಿರಲಿಲ್ಲ. ಸತ್ತ ಮೇಲೆ ಕೊಡುವುದನ್ನು ಬದುಕಿದ್ದಾಗ ಕೊಟ್ಟಿದ್ದರೆ!

ಮಣ್ಣು ಮಾಡಿ ಬಂದ ಮರುದಿನ ಬೆಳಕು ಹರಿಯುವ ಮೊದಲೇ ಲೈನಿನ ಹೆಂಗಸರೆಲ್ಲ ಹೋಗಿ ಬಾವಿಕಟ್ಟೆಯ ಸುತ್ತ ಕುಳಿತೆವು. ಯೋಚನೆ ಅತ್ತೆಯದು. "ನಮಗಿಲ್ಲದ ನೀರು ಯಾರಿಗೂ ಬೇಡ," ಎಂದರು. ಊರಿನ ಹೆಂಗಸರು ಕೊಡ ಹಿಡಿದು ಬಂದರು. ಬೈದರು, ಸೆರಗು ಎಳೆದರು. ಒಬ್ಬಳು ನನ್ನ ಜಡೆ ಹಿಡಿದು ಜಗ್ಗಿದಳು, ನಾನು ಅವಳ ಕೈ ಕಚ್ಚಿದೆ. ಯಾರೂ ಕಟ್ಟೆ ಬಿಟ್ಟೇಳಲಿಲ್ಲ. ಬಿಸಿಲೇರುವ ಹೊತ್ತಿಗೆ ಪೊಲೀಸಿನವನೊಬ್ಬ ಬಂದ. ಅವನ ಹಿಂದೆಯೇ ಇಬ್ಬರು ಛೇರ್ಮನ್ನರೂ ಬಂದರು. ಉದ್ಘಾಟನೆಯಾದ ಮೇಲೆ ಅವರಿಬ್ಬರನ್ನು ಜೊತೆಯಲ್ಲಿ ನೋಡಿದ್ದು ಅವತ್ತೇ.

"ಏನಮ್ಮ ಇದು ಗಲಾಟೆ? ಹೆಂಗಸರು ಹೀಗೆಲ್ಲ ಬೀದಿಗೆ ಬರೋದಾ?" ಎಂದರು ಮೇಲಿನ ಊರಿನವರು.

ಎದ್ದು ನಿಂತದ್ದು ವೆಲ್ಡರನ ಹೆಂಡತಿ. ಅತ್ತತ್ತು ಅವಳ ಕಣ್ಣು ಊದಿಕೊಂಡಿತ್ತು. "ಮನೆ ಕೊಟ್ರಿ ಸಾಬ್. ನೀರು ಕೊಡ್ಲಿಲ್ಲ. ನಮ್ ಸಾಸು ಸತ್ರು. ಈಗ ಹೇಳಿ, ಇನ್ನೂ ಎಷ್ಟು ಜನ ಸಾಯ್ಬೇಕು?"

ಆ ಛೇರ್ಮನ್ನರು ಪಕ್ಕದಲ್ಲಿದ್ದ ಕೆಳಗಿನ ಊರಿನವರ ಕಡೆ ಕೈ ತೋರಿಸಿದರು. ಪಕ್ಕದವರು ಇವರ ಕಡೆ ತೋರಿಸಿದರು. ಆಗ ಊರಿನ ಹೆಂಗಸರ ಗುಂಪಿನಿಂದ ಗೌಡ್ತಿ ಮುಂದೆ ಬಂದಳು. ಮತ್ತೆ ನಮ್ಮ ಮೇಲೆ ಬೀಳುತ್ತಾಳೆಂದು ನಾನು ಸೆರಗು ಬಿಗಿದೆ.

"ಶಾಲೆ ಎಲ್ಲೈತೆ?" ಎಂದು ಅವಳು ಛೇರ್ಮನ್ನರನ್ನು ಕೇಳಿದಳು. "ಎರಿಗೆ ಕೋಣೆ ಎಲ್ಲೈತೆ? ಗೋಮಾಳ ಈಸ್ಕೊಂಡ್ರಿ, ನಾವು ದನ ಮಾರ್ಕೊಂಡ್ವಿ. ನಮ್ಗೇನ್ ಕೊಟ್ರಿ? ಇವ್ರನ್ನ ತಂದು ನಮ್ ಎದೆ ಮ್ಯಾಲೆ ಕೂರ್ಸಿದ್ರಿ. ನಿಮ್ಮಿಬ್ರಿಗೂ ಮಾನ ಇಲ್ವಾ?"

ಅವಳು ನಮ್ಮ ಪರ ಮಾತಾಡಿದಳೆಂದು ನಾನು ಹೇಳುವುದಿಲ್ಲ. "ಇವ್ರನ್ನ" ಎಂದು ನಮ್ಮ ಕಡೆ ಬೆರಳು ತೋರಿಸುವಾಗ ಅವಳ ಮುಖದಲ್ಲಿದ್ದ ಅಸಹ್ಯ ಹಾಗೆಯೇ ಇತ್ತು. ಆದರೆ ಅವಳ ಪಂಚಾಯ್ತಿಯೂ ಅವಳಿಗೆ ಮೋಸ ಮಾಡಿದೆ ಎಂಬುದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ.

ಇಬ್ಬರು ಛೇರ್ಮನ್ನರೂ ಅರಳಿಮರದ ಕೆಳಗೆ ಕುಳಿತು ಬಹಳ ಹೊತ್ತು ಮಾತಾಡಿದರು. ಕೊನೆಗೆ ಬಾವಿಕಟ್ಟೆಯ ಮೇಲೆ ಅಡ್ಡಗೋಡೆ ಎಬ್ಬಿಸಿ, ಆ ಕಡೆ ಊರಿಗೊಂದು ರಾಟೆ, ಈ ಕಡೆ ಲೈನಿಗೊಂದು ರಾಟೆ ಮಾಡುವುದೆಂದು ತೀರ್ಮಾನಿಸಿದರು. ವಾರ ಕಳೆಯುವುದರೊಳಗೆ ಗೋಡೆ ಎದ್ದು ನಿಂತಿತು. ಎರಡು ಪಂಚಾಯ್ತಿಗಳು ಕೂಡಿ, ತಕರಾರಿಲ್ಲದೆ, ಬೇಗ ಮಾಡಿ ಮುಗಿಸಿದ ಕೆಲಸ ಅದೊಂದೇ. ಗೋಡೆಯ ಆಚೆಯಿಂದ ಅವರ ಬೈಗುಳ, ಈಚೆಯಿಂದ ನಮ್ಮದು. ಮುಖ ಕಾಣುತ್ತಿರಲಿಲ್ಲವಾದ್ದರಿಂದ ಇಬ್ಬರಿಗೂ ನಾಲಿಗೆ ಇನ್ನಷ್ಟು ಹರಿತವಾಯಿತು.

ಕೊಳಾಯಿ ಬಂದದ್ದು ಅರವತ್ತರ ದಶಕದಲ್ಲಿ, ಛೇರ್ಮನ್ನರು ಬದಲಾದ ಮೇಲೆ. ಶಾಲೆ ಅದಕ್ಕಿಂತ ತಡವಾಗಿ ಬಂತು. ಹೆರಿಗೆ ಕೋಣೆ ಬರಲೇ ಇಲ್ಲ. ನನ್ನ ಇಬ್ಬರು ಮಕ್ಕಳೂ ಆ ಲೈನ್ ಮನೆಯಲ್ಲೇ ಹುಟ್ಟಿದರು. ಅವರು ಹೈಸ್ಕೂಲು ಸೇರುವ ಹೊತ್ತಿಗೆ ಕಾರ್ಖಾನೆಯವರೇ ನಮಗೆ ಕ್ವಾರ್ಟರ್ಸ್ ಕೊಟ್ಟರು.

ನಾವು ಸಾಮಾನು ಕಟ್ಟುತ್ತಿದ್ದ ವಾರ ಗೌಡ್ತಿ ನಮ್ಮ ಬಾಗಿಲಿಗೆ ಬಂದಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಹೊಸಿಲಿನಾಚೆಯೇ ನಿಂತಳು.

"ಮನೆ ಖಾಲಿ ಮಾಡ್ತೀರಂತೆ?"

"ಮಾಡಿದ್ರೆ ನಿನಗೇನು?" ಎಂದರು ಅತ್ತೆ.

"ನನ್ ಮಗನ್ಗೆ ಕಾರ್ಖಾನೇಲಿ ಕೆಲ್ಸ ಆಗೈತೆ. ಎಂಡ್ತಿ ಬಸ್ರಿ. ನಮ್ ಮನ್ಯಾಗೆ ಜಾಗಿಲ್ಲ. ನಿಮ್ ಯಜಮಾನ್ರು ಪಂಚಾಯ್ತ್ಯಾಗೆ ಒಂದ್ ಮಾತು ಏಳಿದ್ರೆ..."

"ಎಷ್ಟು ಕೊಬ್ಬು ನಿನಗೆ! ಯಾವ ಮುಖ ಇಟ್ಕೊಂಡು ಬಂದೆ?"

ಗೌಡ್ತಿ ತಲೆ ತಗ್ಗಿಸಲಿಲ್ಲ. "ಇದೇ ಮುಖ," ಎಂದಳು.

ಅತ್ತೆ ಬಾಗಿಲು ಹಾಕಿದರು. ನನ್ನ ಗಂಡ ಮಾತ್ರ ಮರುದಿನ ಪಂಚಾಯ್ತಿ ಕಚೇರಿಗೆ ಹೋಗಿ ಹುಡುಗನ ಪರವಾಗಿ ಹೇಳಿ ಬಂದರು. ಅತ್ತೆ ಅವರೊಡನೆ ಮಾತು ಬಿಟ್ಟರು, ಹೊಸ ಮನೆಯಲ್ಲಿ ಹಾಲುಕ್ಕಿಸುವಾಗಲೂ ಆಡಲಿಲ್ಲ. ನಾನು ಯಾರ ಪರವೂ ವಹಿಸಲಿಲ್ಲ. ಆ ಬಸುರಿ ಹುಡುಗಿಗೆ ಒಂದು ಕೋಣೆ ಬೇಕೆಂಬುದು ನನಗೆ ಗೊತ್ತಿತ್ತು. ಅವಳ ಅತ್ತೆಯನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ.

ಮರುವರ್ಷ ವೆಲ್ಡರನ ಮಗಳ ಮದುವೆಗೆಂದು ಆ ಲೈನಿಗೆ ಹೋದೆ. ನಾವಿದ್ದ ಮನೆಯ ಜಗಲಿಯ ಮೇಲೆ ಗೌಡ್ತಿ ಮೊಮ್ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿದಳು, ನಾನೂ ನೋಡಿದೆ. ಅವಳು ಮತ್ತೆ ಮಗುವಿನ ಕಡೆ ಬಗ್ಗಿದಳು, ನಾನು ಪಕ್ಕದ ಮದುವೆ ಮನೆಗೆ ನಡೆದೆ.

"ಹೆಂಚು ಸೋರುತ್ತೆ ಅಂತ ದಿನಾ ಹೋಗಿ ಛೇರ್ಮನ್ನರ ಜೀವ ತಿಂತಾಳೆ ಅಕ್ಕಾ," ಎಂದಳು ನನ್ನ ಗೆಳತಿ, ತಟ್ಟೆಗೆ ಬಿರಿಯಾನಿ ಬಡಿಸುತ್ತ. "ಹೋದ್ ವಾರ ಅವ್ರ ಕಾರಿನ ಮುಂದೆನೇ ಕೂತ್ಬಿಟ್ಳು. ಈಗ ಇಡೀ ಲೈನಿಗೆ ಹೊಸ ಹೆಂಚು ಹಾಕ್ತಾರಂತೆ."