ಗುಂಡಿ ಲೆಕ್ಕದ ಸಿದ್ದಕ್ಕ

ಸಿದ್ದಕ್ಕನನ್ನು ಬಾಯಿಬಡುಕಿ ಎನ್ನುವವರು ಕೊಂಡ್ಲಹಳ್ಳಿಯಲ್ಲಿ ಈಗಲೂ ಇದ್ದಾರೆ. ಅನ್ನಲಿ. ನಮಗೆ ಗಂಡಸರ ಸಮ ಕೂಲಿ ಸಿಕ್ಕಿದ್ದು ಆ ಬಾಯಿಂದಲೇ. ಅದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ.

ತೊಂಬತ್ತೆಂಟರ ಮಳೆಗಾಲ. ದೇವಸಮುದ್ರದ ಹತ್ತಿರದ ಗುಡ್ಡದಲ್ಲಿ ಗಿಡ ನೆಡಿಸುವ ಕೆಲಸವನ್ನು ಒಬ್ಬ ಗುತ್ತಿಗೆದಾರ ಹಿಡಿದಿದ್ದ. ಗುಂಡಿ ತೆಗೆಯಲು ಗಂಡಸರೂ ಇದ್ದರು, ನಾವೂ ಇದ್ದೆವು. ಎಲ್ಲರಿಗೂ ಅದೇ ಕಲ್ಲುನೆಲ, ಅದೇ ಹಾರೆ. ಕೂಲಿ ಮಾತ್ರ ನಮಗೆ ಕಡಿಮೆ.

ಒಂದು ದಿನ ನೀರಿನ ಟ್ಯಾಂಕರಿನ ಇಂಜಿನ್ ರಿಪೇರಿಗೆ ಮೊಳಕಾಲ್ಮೂರಿನ ಮೆಕ್ಯಾನಿಕ್ ಇಫ್ತಿಕಾರ್ ಬಂದಿದ್ದ. ಸೌದಿಯ ಖರ್ಜೂರದ ತೋಟದಲ್ಲಿ ಕೂಲಿ ಮಾಡಿ ವಾಪಸಾದವನು. ಬುತ್ತಿ ಬಿಚ್ಚಿ ಕೂತಾಗ ಅಲ್ಲಿ ದಿನಕ್ಕೆಷ್ಟು ಎಂದು ಕೇಳಿದೆವು. ಅವನು ಹೇಳಿದ್ದು ನಮ್ಮ ಕೂಲಿಯ ಎಷ್ಟೋ ಪಟ್ಟು. ಕೈಯಲ್ಲಿದ್ದ ಮುದ್ದೆ ಬಾಯಿಗೆ ಹೋಗಲಿಲ್ಲ.

“ಎಲ್ಲರಿಗೂ ಅಷ್ಟೇನಾ?” ಎಂದಳು ಸಿದ್ದಕ್ಕ.

“ಎಲ್ಲೈತಕ್ಕ. ಒಂದೇ ಮರ ಹತ್ತಿದ್ರೂ ಈಜಿಪ್ಟಿನೋನಿಗೆ ಜಾಸ್ತಿ, ನಮಗೆ ಕಡಿಮೆ, ಬಾಂಗ್ಲಾದೋನಿಗೆ ಇನ್ನೂ ಕಡಿಮೆ. ಯಾವ ದೇಶ ಅಂತ ನೋಡಿ ಕೂಲಿ ಹಾಕ್ತಾರೆ.”

“ಇಲ್ಲಿ ಸೀರೆ ನೋಡಿ ಹಾಕ್ತಾರೆ ಬಿಡು” ಎಂದವಳೇ ಕೈ ತೊಳೆದು ಮೇಸ್ತ್ರಿ ಮೂಡಲಗಿರಿಯಪ್ಪನ ಮುಂದೆ ಹೋಗಿ ನಿಂತಳು.

“ಶೇಂಗಾ ಬಿಡಿಸೋವಾಗ ಅವರವರ ಗುಡ್ಡೆ ಅಳೆದು ಪಾಲು ಕೊಡ್ತಾರೆ. ಗುಡ್ಡೆ ಹೆಂಗಸರದಾ ಗಂಡಸರದಾ ಅಂತ ಯಾರೂ ಕೇಳಲ್ಲ. ಗುಂಡಿಗೂ ಹಂಗೇ ಕೊಡ್ರಿ.”

ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದು, “ನಿನಗೊಬ್ಬಳಿಗೆ ಗಂಡಾಳಿನ ಕೂಲಿ ಕೊಡಿಸ್ತೀನಿ, ಸುಮ್ನಿರು” ಎಂದನಂತೆ. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ. ಅವಳು ಬಂದು ಅದನ್ನು ಎಲ್ಲರೆದುರು ಹೇಳಿ ಬೇವಿನ ಮರದಡಿ ಕೂತಳು. ನಾವೂ ಕೂತೆವು. ನಾಳೆಯಿಂದ ಕೆಲಸಕ್ಕೇ ಬರಬೇಡಿ ಎಂದರೆ ಏನು ಗತಿ ಎಂಬ ಹೆದರಿಕೆ ನನಗೆ ಇದ್ದೇ ಇತ್ತು.

ಗಂಡಸರು ನಮ್ಮ ಕಡೆ ನೋಡದೆ ಅಗೆಯುತ್ತಲೇ ಇದ್ದರು. ಎಂಥ ಸಿಟ್ಟು ಬಂತು ಅಂತೀರಿ. ಕೊನೆಗೆ ಸಿದ್ದಕ್ಕನ ಗಂಡ ಓಬಯ್ಯ ಹಾರೆ ಕೆಳಗಿಟ್ಟು ಬಂದು ಕೂತ. ಮಿಕ್ಕವರೂ ಒಬ್ಬೊಬ್ಬರಾಗಿ ಬಂದರು. ಲಾರಿಯಲ್ಲಿ ಬಂದಿದ್ದ ಸಸಿಗಳು ಬಿಸಿಲಿಗೆ ಬಾಡತೊಡಗಿದ್ದವು. ಮೇಸ್ತ್ರಿ ಓಡಿಹೋಗಿ ಗುತ್ತಿಗೆದಾರನನ್ನು ಕಂಡು ಬಂದ. ಗುಂಡಿಗಿಷ್ಟು ಅಂತಲೇ ಆಗಲಿ, ಎಲ್ಲರಿಗೂ ಒಂದೇ ಎಂದ. ನನಗೆ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಇಂಜಿನ್ನೂ ಶುರುವಾಗಿತ್ತು. ಇಫ್ತಿಕಾರ್ ಕೈಯ ಆಯಿಲ್ ಒರೆಸಿಕೊಳ್ಳುತ್ತ, “ಅಕ್ಕ, ನೀವು ಸೌದೀಲಿ ನಮ್ಮ ಜೊತೆ ಇರ್ಬೇಕಿತ್ತು” ಎಂದ.

“ನಾನ್ಯಾಕಪ್ಪ?” ಸಿದ್ದಕ್ಕ ಸೆರಗು ಸಿಕ್ಕಿಸಿ ಹಾರೆ ಎತ್ತಿಕೊಂಡಳು. “ನೀವು ಅಷ್ಟು ದೇಶದೋರು ಒಂದೇ ಮರದ ಕೆಳಗೆ ಕುಂತಿದ್ರೆ ಸಾಕಿತ್ತು.”