ಹುಳ ಮುಟ್ಟದ ಚಿಗುರು

ನಮ್ಮದು ಜವಳಗೇರಾ ಹತ್ತಿರದ ಭತ್ತದ ಸೀಮೆ. ಇಲ್ಲಿ ‘ಎಣ್ಣಿ’ ಅಂದರೆ ಒಗ್ಗರಣೆಯದಲ್ಲ, ಬೆಳೆಗೆ ಹೊಡೆಯುವ ಔಷಧ. ಆಕಳ ಹೊಟ್ಟೆಗೆ ಅದು ಹೋದೀತೆಂಬ ಹೆದರಿಕೆಗೆ ಅವ್ವ ಬದುವಿನ ಹುಲ್ಲನ್ನೂ ಮೂಸಿಯೇ ತರುತ್ತಿದ್ದಳು. ಆಕೆಯ ಈ ಚಟಕ್ಕೆ ನಾವು ಬೇಕಾದಷ್ಟು ನಕ್ಕಿದ್ದೇವೆ.

ಆ ವರ್ಷ ಎರಡನೇ ಬೆಳೆಗೆ ಕಾಲುವೆ ನೀರು ಇಲ್ಲವೆಂದಾಗ ಅಪ್ಪ ಅಪರೂಪಕ್ಕೆ ಜೋಳ ಬಿತ್ತಿದ್ದ. ಕೊಯ್ಲು ಮುಗಿದ ಮೇಲೆ ಒಂದು ಅಡ್ಡಮಳೆ ಬಿದ್ದು, ಕೊಯ್ದ ಬುಡಗಳೆಲ್ಲ ಮತ್ತೆ ಚಿಗುರಿದವು. ಭತ್ತದೂರಲ್ಲೇ ಹುಟ್ಟಿ ಬೆಳೆದ ಅವ್ವನಿಗೆ ಜೋಳದ ಸ್ವಭಾವ ಗೊತ್ತಿರಲಿಲ್ಲ. ಒಂದು ಹೊರೆ ಕೊಯ್ದು ತಂದು, ಎಲೆಯನ್ನು ಹಿಂದೆ ಮುಂದೆ ತಿರುವಿ ನನಗೆ ತೋರಿಸಿದಳು.

“ಎಣ್ಣಿ ಹೊಡದಿಲ್ಲ, ಹುಳಾನೂ ಮುಟ್ಟಿಲ್ಲ. ಎಷ್ಟು ಹಸನ ಮೇವು ನೋಡವಾ. ಬಾಣಂತಿ ಅದಾಳ, ತಿನ್ಲಿ.”

ಹೊಸದಾಗಿ ಕರು ಹಾಕಿದ್ದ ಆಕಳಿಗೆ ಹಿಡಿ ಹಿಡಿಯಾಗಿ ತಾನೇ ತಿನ್ನಿಸಿದಳು. ಸ್ವಲ್ಪ ಹೊತ್ತಿನಲ್ಲೇ ಅದು ನಡುಗುತ್ತ ಕುಸಿದು, ಬಾಯಿ ತೆರೆದು ಉಸಿರಿಗೆ ಒದ್ದಾಡಿತು. ಸಿಂಧನೂರಿನಿಂದ ದನದ ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಗೋದಲಿಯಲ್ಲಿ ಉಳಿದಿದ್ದ ಎಲೆ ಎತ್ತಿಕೊಂಡು ನೋಡಿದರು.

“ಇಂಥ ಎಳಿ ಜೋಳದಾಗ ವಿಷ ಇರ್ತೈತ್ರಿ. ಹುಳ ತಿನಬಾರದಂತ ಗಿಡ ತನ್ನ ಕಾಯ್ಕೊಳ್ಳಾಕ ಇಟ್ಕೊಂಡಿದ್ದು. ಹಲ್ಲಿಗೆ ಸಿಕ್ಕ ಕೂಡ್ಲೆ ವಿಷ ಬಿಡ್ತೈತಿ.”

“ಅದಕ ಹುಳ ಮುಟ್ಟಿದ್ದಿಲ್ಲೇನ್ರೀ?” ಎಂದಳು ಅವ್ವ. ಡಾಕ್ಟರು ಗೋದಲಿಯಲ್ಲಿ ಉಳಿದದ್ದನ್ನೆಲ್ಲ ಬಾಚಿ ಹೊರಗೆ ತೆಗೆದರು.

ನನಗೆ ಆ ಗಿಡದ ಮೇಲೇ ಸಿಟ್ಟು ಬಂತು. ಬಾಯಿಲ್ಲದ ಗಿಡದ ಮೇಲೆ ಎಂಥ ಸಿಟ್ಟು! ಅದು ಹುಳುವಿಗೆಂದು ಇಟ್ಟದ್ದು, ನಮಗೆಂದಲ್ಲ. ಆದರೂ ಇವತ್ತಿಗೂ ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕೊಯ್ದ ಜೋಳದ ಹೊಲ ಹಸಿರಾಗಿ ಕಂಡರೆ ನನಗೆ ಭಯವಾಗುತ್ತದೆ. ಆಕಳ ಆ ತೆರೆದ ಬಾಯಿ ಕಣ್ಣ ಮುಂದೆ ಬರುತ್ತದೆ. ನಾನು ಮುಖ ತಿರುಗಿಸಿ ಕೂರುತ್ತೇನೆ.

ಕರು ಇನ್ನೂ ಮೇವು ತಿನ್ನುತ್ತಿರಲಿಲ್ಲವಾದ್ದರಿಂದ ಉಳಿಯಿತು. ಬಾಟಲಿ ಹಾಲು ಕುಡಿದು ಬೆಳೆದು, ಈಗ ಅದೂ ಕರು ಹಾಕಿ ಆಕಳಾಗಿದೆ. ಅವ್ವ ಅದರ ಮೈ ತೊಳೆಯುತ್ತಾಳೆ, ಹಾಲು ಹಿಂಡುತ್ತಾಳೆ. ಮೇವು ಮಾತ್ರ ಹಾಕುವುದಿಲ್ಲ.

“ನೀ ಹಾಕವಾ, ನನ್ನ ಕೈ ಬ್ಯಾಡ.”

ನಾನು ಗೋದಲಿ ತುಂಬಿಸಿದರೂ ಆಕಳು ಮೊದಲು ಅವ್ವನ ಖಾಲಿ ಕೈಯನ್ನೇ ನೆಕ್ಕಲು ಹೋಗುತ್ತದೆ. ಅವ್ವ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಾಳೆ.